ಮೂಡುಗಡೆಯ ಕಡಲು ನೋಡಲು ಹೋದದ್ದು

"ಅಂಡಮಾನಿಗೆ ಎಂತಕ್ಕೆ ಹೋಗುದು ಮಾರಾಯ್ತಿ? ಇಲ್ಲಿ ಮಲ್ಪೆ ಇಲ್ವಾ?"

ಟಿಕೆಟ್ ಮಾಡಿಸಿದ ಸುದ್ದಿ ಹೇಳಿದಾಗ ಪಕ್ಕದ ಮನೆಯ ಅಕ್ಕ ಕೇಳಿದ್ದು ಇದನ್ನೇ. ನ್ಯಾಯವಾದ ಪ್ರಶ್ನೆ. ಉಡುಪಿಯವರಿಗೆ ಕಡಲು ನೋಡಲು ವಿಮಾನ ಬೇಕಾಗಿಲ್ಲ. ನಮ್ಮ ಕಾರಣ ಬೇರೆ ಇತ್ತು.

ನನ್ನ ಅಮ್ಮ ಹುಟ್ಟಿ ಬೆಳೆದದ್ದು ಪಡುಕರೆಯಲ್ಲಿ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಒಂದು ಪಟ್ಟಿ ನೆಲ. ಅಲ್ಲಿ ಸೂರ್ಯ ಹೊಳೆಯಾಚೆಯ ತೆಂಗಿನ ತೋಟದ ಹಿಂದಿನಿಂದ ಏರಿ ಕಡಲಿಗೆ ಇಳಿಯುತ್ತಾನೆ. ಕರಾವಳಿಯಲ್ಲಿ ಪಡು ಅಂದರೆ ಪಶ್ಚಿಮ, ಕಡಲಿರುವ ದಿಕ್ಕು; ಮೂಡು ಅಂದರೆ ಪೂರ್ವ, ಘಟ್ಟದ ದಿಕ್ಕು. "ಕಡಲಿನಿಂದ ಸೂರ್ಯ ಮೇಲೆ ಬರುದನ್ನು ನಾನು ಒಂದು ಸಲವೂ ನೋಡ್ಲಿಲ್ಲ" ಅಂತ ಅಮ್ಮ ಒಂದು ಸಂಜೆ ಹೇಳಿದರು. ಅವರಿಗೆ ಆಗ 66 ವರ್ಷ. ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ಮೊದಲು ಯೋಚಿಸಿದ್ದು ಲಕ್ಷದ್ವೀಪ. ನಮಗೆ ಹತ್ತಿರದ್ದು ಅದೇ. ಆದರೆ ಅಲ್ಲಿಗೆ ಹೋಗಲು ನಮ್ಮ ದೇಶದವರಿಗೂ ಪರ್ಮಿಟ್ ಬೇಕು, ಹೆಚ್ಚಾಗಿ ಕೊಚ್ಚಿಯ ಮೂಲಕವೇ ಹೋಗಬೇಕು. ನನ್ನ ಮತ್ತು ಗಂಡನ ರಜೆಗೆ ಆ ದಿನಗಳು ಹೊಂದಲಿಲ್ಲ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ನಮ್ಮವರಿಗೆ ಪರ್ಮಿಟ್ ಬೇಡ, ಗುರುತಿನ ಚೀಟಿ ಸಾಕು. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಬೋಟಿನವರು, ಆಟೋದವರು ಈಗಲೂ ಹ್ಯಾವ್‌ಲಾಕ್ ಅಂತಲೇ ಕರೆಯುತ್ತಾರೆ.

ಯಾವಾಗ ಹೋಗುವುದು? ದಸರಾ ರಜೆ ಅಂತ ಗಂಡ ಹೇಳಿದರು. ನಮ್ಮ ಲೆಕ್ಕದಲ್ಲಿ ಆ ಹೊತ್ತಿಗೆ ಮಳೆ ಮುಗಿದು ದೋಣಿಗಳು ಕಡಲಿಗೆ ಇಳಿದಿರುತ್ತವೆ. ಆದರೆ ಅಂಡಮಾನ್ ಇರುವುದು ಬಂಗಾಳ ಕೊಲ್ಲಿಯ ಆಚೆ ಬದಿಯಲ್ಲಿ. ಅಲ್ಲಿಗೆ ನಮ್ಮ ಮುಂಗಾರೂ ಬರುತ್ತದೆ, ಅದು ಮುಗಿದ ಮೇಲೆ ಹಿಂಗಾರೂ ಬರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಚಂಡಮಾರುತದ ಭಯವೂ ಇದೆ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಹಾಗಾಗಿ ಫೆಬ್ರವರಿ ಮೊದಲ ವಾರ ಅಂತ ನಿಕ್ಕಿ ಮಾಡಿದೆವು.

ಒಬ್ಬ ಏಜೆಂಟರು ಐದು ದಿನದ ಪ್ಯಾಕೇಜ್ ಕಳಿಸಿದರು. ಅದರಲ್ಲಿ ಆರು ದ್ವೀಪ, ಎರಡು ಗುಹೆ, ದಿನಾ ಬೆಳಿಗ್ಗೆ ಆರಕ್ಕೆ ಗಾಡಿ. ಅದನ್ನು ಓದಿಯೇ ನನಗೆ ಸುಸ್ತಾಯಿತು. ಒಂದು ಕಾಗದ ತೆಗೆದುಕೊಂಡು ಒಂದೊಂದಾಗಿ ಹೊಡೆದು ಹಾಕುತ್ತಾ ಹೋದೆ. ನೀಲ್ ದ್ವೀಪ ಬಿಟ್ಟೆ. ಗುಹೆ ಬಿಟ್ಟೆ. ಸ್ಕೂಬಾ ಬಿಡಲು ಗಂಡನಿಗೆ ಸ್ವಲ್ಪ ಬೇಸರವಾಯಿತು, ಆದರೂ ಒಪ್ಪಿದರು. ಕೊನೆಗೆ ಉಳಿದದ್ದು ಒಂದೇ ದ್ವೀಪ, ಮೂರು ರಾತ್ರಿ. ಆಚೆಗೊಂದು, ಈಚೆಗೊಂದು ರಾತ್ರಿ ವಿಮಾನ ಇಳಿಯುವ ಊರಾದ ಪೋರ್ಟ್ ಬ್ಲೇರ್‌ನಲ್ಲಿ. ಆ ಊರಿಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು.

ಪೋರ್ಟ್ ಬ್ಲೇರ್‌ನ ಎರಡು ರಾತ್ರಿ ದಂಡ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಅದು ಬೇಕೇ ಬೇಕು ಅನ್ನಿಸಿತು. ಮಂಗಳೂರಿನಿಂದ ನೇರ ವಿಮಾನ ಇಲ್ಲ, ನಾವು ಬೆಂಗಳೂರಿನಲ್ಲಿ ಇಳಿದು ಹತ್ತಿದೆವು. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವ್ಯವಸ್ಥೆ ಕಂಪನಿಯ ತಲೆಗೆ. ಮತ್ತೆ ದ್ವೀಪದ ಬೋಟುಗಳು ಹಗಲಲ್ಲಿ ಮಾತ್ರ. ಮಧ್ಯಾಹ್ನ ಇಳಿದವರು ಅದೇ ದಿನದ ಕೊನೆಯ ಬೋಟ್ ಹಿಡಿಯಲು ಓಡಿದರೆ ರಜೆಯ ಶುರುವೇ ಗಡಿಬಿಡಿ. ವಾಪಸ್ ಬರುವಾಗ ಇನ್ನೂ ಮುಖ್ಯ. ಗಾಳಿ ಜೋರಾದರೆ ಬೋಟ್ ನಿಲ್ಲುತ್ತದೆ, ವಿಮಾನ ನಮಗಾಗಿ ಕಾಯುವುದಿಲ್ಲ. ಮೊದಲ ದಿನ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆಲ್ಯುಲರ್ ಜೈಲು ನೋಡಿದೆವು. ಆ ಒಂಟಿ ಕೋಣೆಗಳ ಮುಂದೆ ಅಮ್ಮ ಮಾತೇ ಆಡಲಿಲ್ಲ. ಅದಕ್ಕೆಂದೇ ಒಂದು ಮಧ್ಯಾಹ್ನ ಇಟ್ಟದ್ದು ಒಳ್ಳೆಯದಾಯಿತು.

ಖಾಸಗಿ ಬೋಟಿನಲ್ಲಿ ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ. ಅಮ್ಮನಿಗೆ ಬಸ್ಸಿನಲ್ಲೇ ತಲೆ ತಿರುಗುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆ ತಂದಿದ್ದೆ. ಹತ್ತುವ ಮೊದಲೇ ಕೊಟ್ಟೆ. ಮುಂದಿನ ಸೀಟು ಬಿಟ್ಟು ನಡುವಿನಿಂದ ಹಿಂದಕ್ಕೆ ಕೂರಿಸಿದೆ, ಬೋಟ್ ಜಾಸ್ತಿ ಎತ್ತಿ ಹಾಕುವುದು ಮುಂದಿನ ತುದಿಯಲ್ಲಿ. ಅಮ್ಮ ಆರಾಮವಾಗಿ ನಿದ್ದೆ ಮಾಡಿದರು.

ರೂಮು ಆರಿಸಲು ಮಾತ್ರ ನಾನು ಒಂದು ವಾರ ಕೂತಿದ್ದೆ. ಪ್ರಸಿದ್ಧವಾದ ರಾಧಾನಗರ ಬೀಚ್ ಇರುವುದು ದ್ವೀಪದ ಪಡುಗಡೆ. ನಮ್ಮ ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿಯಾದ, ಸುರಕ್ಷಿತ ಬೀಚಿಗೆ ಕೊಡುವ ಮಾನ್ಯತೆ) ಸಿಕ್ಕಿತಲ್ಲ, ರಾಧಾನಗರಕ್ಕೂ ಸಿಕ್ಕಿದ್ದು ಅದರ ಜೊತೆಗೇ. ಬಿಳಿ ಮರಳು, ಹಿಂದೆ ಎತ್ತರದ ಕಾಡು. ಆದರೆ ಅಲ್ಲಿ ಸೂರ್ಯ ಮುಳುಗುವುದನ್ನು ನೋಡಬಹುದು, ಹುಟ್ಟುವುದನ್ನಲ್ಲ. ಅದಕ್ಕೆ ಮೂಡುಗಡೆಯ ವಿಜಯನಗರ ಬೀಚಿನಲ್ಲಿ ಉಳಿದುಕೊಂಡೆವು. ಅಲ್ಲಿ ಊರುಗಳ ಹೆಸರು ಕೇಳಿ ಅಮ್ಮನಿಗೆ ಖುಷಿಯೋ ಖುಷಿ. ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಊರುಗಳು ಅವು. "ನಮ್ಮ ಮಠದ ಕೃಷ್ಣ ಇಲ್ಲಿಗೂ ಬಂದಿದ್ದಾನೆ" ಅಂದರು.

ಗಡಿಯಾರದ ಲೆಕ್ಕವನ್ನು ಮನೆಯಲ್ಲೇ ಹಾಕಿಟ್ಟುಕೊಂಡಿದ್ದೆ. ಇಡೀ ದೇಶಕ್ಕೆ ಒಂದೇ ಸಮಯ. ಅಂಡಮಾನ್ ಉಡುಪಿಗಿಂತ ಸುಮಾರು 18 ಡಿಗ್ರಿ ಮೂಡಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ ಅಂದರೂ ಒಂದು ಗಂಟೆಯ ಮೇಲಾಯಿತು. ಫೆಬ್ರವರಿ ಮೊದಲಿಗೆ ಮಲ್ಪೆಯಲ್ಲಿ ಸೂರ್ಯ ಮುಳುಗುವುದು ಆರೂವರೆ ಹೊತ್ತಿಗೆ, ರಾಧಾನಗರದಲ್ಲಿ ಐದೂ ಇಪ್ಪತ್ತಕ್ಕೆ. ಇದು ಗೊತ್ತಿಲ್ಲದೆ ಊಟ, ನಿದ್ದೆ ಮುಗಿಸಿ ಐದಕ್ಕೆ ಆಟೋ ಹಿಡಿದು ಬರುವವರಿಗೆ ಸಿಗುವುದು ಬರೀ ಕತ್ತಲು. ನಾವು ಮೂರಕ್ಕೇ ಹೊರಟೆವು. ಬೆಳಿಗ್ಗೆ ಸೂರ್ಯ ಬರುವುದು ಆರಕ್ಕೆ ಮೊದಲೇ, ಐದೂ ಮುಕ್ಕಾಲರ ಹೊತ್ತಿಗೆ.

ಸೂರ್ಯನ ಲೆಕ್ಕ ಹಾಕಿದವಳು ನೀರಿನ ಲೆಕ್ಕ ಮರೆತಿದ್ದೆ. ಹುಣ್ಣಿಮೆ ಕಳೆದು ಎರಡೇ ದಿನವಾಗಿತ್ತು. ಮೊದಲ ಬೆಳಿಗ್ಗೆ ಕತ್ತಲಲ್ಲೇ ಎದ್ದು ಬಂದರೆ ಕಡಲೇ ಇಲ್ಲ. ಪೂರ್ತಿ ಇಳಿತ. ಫೋಟೋದಲ್ಲಿ ನೀಲಿ ನೀರಿದ್ದ ಕಡೆ ದೂರದವರೆಗೆ ಬರೀ ಕಲ್ಲು, ನಡುನಡುವೆ ಹೊಂಡ. ನನಗೆ ಅಳುವೇ ಬಂತು. ಅಮ್ಮನನ್ನು ಇಷ್ಟು ದೂರ ಕರೆದುಕೊಂಡು ಬಂದು ಹೀಗಾಯಿತಲ್ಲ ಅಂತ.

ಅಮ್ಮ ಸೀರೆ ಸ್ವಲ್ಪ ಎತ್ತಿ ಕಟ್ಟಿಕೊಂಡು ಹೊಂಡದ ಹತ್ತಿರ ಹೋಗಿ ಕೂತರು. ಹೊಳೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಬೆಳೆದವರು ಅವರು, ಇಳಿತದ ನೆಲ ಅವರಿಗೆ ಹೊಸತಲ್ಲ. ಏಡಿ, ಸಣ್ಣ ಮೀನು, ಶಂಖದೊಳಗಿನ ಹುಳು ಒಂದೊಂದನ್ನೇ ನನಗೆ ತೋರಿಸಿದರು. ಯಾವುದನ್ನೂ ಹೆಕ್ಕಬೇಡಿ ಅಂತ ಹೇಳಿದೆ. ಅಲ್ಲಿಂದ ಚಿಪ್ಪು, ಹವಳ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಅಷ್ಟರಲ್ಲಿ ಕಲ್ಲುಗಳಾಚೆ, ದೂರದ ನೀರಿನ ಗೆರೆಯಿಂದ ಕೆಂಪಗೆ ಬಂದೇ ಬಂತು. ಹೊಂಡಗಳೆಲ್ಲ ಒಟ್ಟಿಗೆ ಕೆಂಪಾದವು. ಅಮ್ಮ ಕೈ ಮುಗಿದು ನಿಂತರು. ಎಷ್ಟೋ ಹೊತ್ತು ಹಾಗೇ.

ನೀರು ಹನ್ನೊಂದರ ಹೊತ್ತಿಗೆ ತುಂಬಿ ಬಂತು, ಆಗ ಸ್ನಾನ ಮಾಡಿದೆವು. ಮರುದಿನ ಇಳಿತ, ಭರತ ಎಲ್ಲ ಸುಮಾರು 50 ನಿಮಿಷ ತಡ. ನೀವು ಹೋಗುವುದಾದರೆ ದಿನ ಗೊತ್ತು ಮಾಡುವ ಮೊದಲು ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರು ತುಂಬಾ ದೂರ ಹೋಗುತ್ತದೆ, ಅಷ್ಟಮಿಯ ಹತ್ತಿರ ಅಷ್ಟಿಲ್ಲ. ಮಲ್ಪೆಯ ಮೀನುಗಾರರೆಲ್ಲರಿಗೂ ಗೊತ್ತಿರುವ ವಿಷಯ ಇದು. ರಾಧಾನಗರದಲ್ಲಿ ಮರಳೇ ಇರುವುದರಿಂದ ಇಳಿತದ ತೊಂದರೆ ಕಡಿಮೆ, ಜೀವರಕ್ಷಕರೂ ಇದ್ದಾರೆ. ಮೊಸಳೆಯ ಎಚ್ಚರಿಕೆ ಬೋರ್ಡ್ ಇರುವ ಕಡೆ ಮಾತ್ರ ನೀರಿಗೆ ಇಳಿಯಲೇಬೇಡಿ. ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚುತ್ತದೆ. ನಾವು ಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಮರಳಲ್ಲಿ ಮಲಗದೆ ಚಾಪೆ ಹಾಸಿಕೊಂಡೆವು. ನಗದು ಹಣ ಊರಿಂದಲೇ ಸ್ವಲ್ಪ ಜಾಸ್ತಿ ಒಯ್ಯಿರಿ.

ಎರಡನೆಯ ದಿನಕ್ಕೆ ಏನೂ ಇಟ್ಟಿರಲಿಲ್ಲ. ಬೊಂಡ ಕುಡಿದೆವು, ಮರದ ನೆರಳಲ್ಲಿ ಸುಮ್ನೆ ಕೂತೆವು. ಸಾಸಿವೆ ಅರೆದು ಮಾಡಿದ ಬಂಗಾಳಿ ಮೀನಿನ ಸಾರು ಅಮ್ಮನಿಗೆ ಹಿಡಿಸಿತು, ತೆಂಗಿನಕಾಯಿ ಬೇಕಿತ್ತು ಅಂತ ಹೇಳದೆ ಮಾತ್ರ ಬಿಡಲಿಲ್ಲ.

ವಾಪಸ್ ಬೋಟಿಗೆ ಬೆಳಗಿನ ಟಿಕೆಟ್ ಬಿಟ್ಟು ಮಧ್ಯಾಹ್ನದ್ದು ತೆಗೆದುಕೊಂಡಿದ್ದೆ. ಹಾಗಾಗಿ ಮೂರನೆಯ ಬೆಳಗೂ ನಮಗೆ ಸಿಕ್ಕಿತು. ಅವತ್ತು ನಾನು ಎದ್ದು ನೋಡಿದಾಗ ಅಮ್ಮನ ಹಾಸಿಗೆ ಖಾಲಿ. ನನಗಿಂತ ಮೊದಲೇ ಹೋಗಿ, ನನಗೂ ಜಾಗ ಬಿಟ್ಟು, ಚಾಪೆ ಹಾಸಿ ಕೂತಿದ್ದರು.