ಯಾವ ಸಾಲಲ್ಲಿ ನಿಂತೆ?

ಜನವರಿ ಮುಗಿಯೋ ಹೊತ್ತಿಗೆ ನಮ್ಮ ಮನೆ ಜಗಲಿ ತುಂಬುತ್ತದೆ. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಶಿಡ್ಲಘಟ್ಟದ ಸುತ್ತಲ ಹಳ್ಳಿಗಳಿಂದ ಬರುವ ದ್ವಿತೀಯ ಪಿಯುಸಿ ಮಕ್ಕಳು ಕಾಲೇಜು ಬಿಟ್ಟ ಮೇಲೆ ಪರೀಕ್ಷೆಗೆ ಪಾಠ ಹೇಳಿಸಿಕೊಳ್ಳೋಕೆ ಇಲ್ಲಿಗೆ ಬರುತ್ತಾರೆ. ಆರೂವರೆ ಬಸ್ ಹಿಡಿಯಬೇಕು. ಸಿಗೋದು ಒಂದೂವರೆ ಗಂಟೆ, ಅಷ್ಟೇ.

ಮೊದಲ ವರ್ಷ, "ಅಕ್ಕಾ, ಏನೂ ಅರ್ಥ ಆಗ್ತಿಲ್ಲ" ಅಂದರೆ ಪಾಠವನ್ನು ಮೊದಲಿಂದ ಶುರು ಮಾಡುತ್ತಿದ್ದೆ. ಎಲ್ಲರೂ ತಲೆ ಆಡಿಸುತ್ತಿದ್ದರು. ಮಾರನೇ ದಿನ ಅದೇ ಲೆಕ್ಕ ಕೊಟ್ಟರೆ ಪೆನ್ ಮುಂದಕ್ಕೆ ಹೋಗುತ್ತಿರಲಿಲ್ಲ. ನನ್ನ ಗಂಟಲು ನೋವು ಬಿಟ್ಟರೆ ಏನೂ ಉಳಿಯಲಿಲ್ಲ.

ಎರಡನೇ ವರ್ಷದಿಂದ ಒಂದೇ ಮಾತು. ಲೆಕ್ಕ ಮನೆಯಲ್ಲಿ ಮಾಡಿ ನೋಡಿರಬೇಕು. ಎಲ್ಲಿ ನಿಂತಿತೋ ಆ ಸಾಲಿನ ಪಕ್ಕ ಪೆನ್ಸಿಲಲ್ಲಿ ಗೆರೆ ಎಳೆದು ತರಬೇಕು. ಖಾಲಿ ನೋಟ್‌ಬುಕ್ ತಂದವರು ಮೊದಲು ಜಗಲಿಯಲ್ಲೇ ಕೂತು ಮಾಡಬೇಕು, ಆಮೇಲೆ ನನ್ನ ಹತ್ತಿರ.

ಆ ಗೆರೆಗಳನ್ನು ನೋಡ್ತಾ ನೋಡ್ತಾ ನನಗೇ ಒಂದು ವಿಷಯ ಹೊಳೆಯಿತು. ಕೆಮಿಸ್ಟ್ರಿ ಬರಲ್ಲ ಅನ್ನೋ ಮಕ್ಕಳು ಜಾಸ್ತಿ ನಿಲ್ಲೋದು ಲಾಗ್ (ಲಾಗರಿದಮ್, ಅಂದರೆ ಒಂದು ಸಂಖ್ಯೆ 10ರ ಎಷ್ಟನೇ ಘಾತ ಅನ್ನೋದು) ಬಂದ ಕಡೆ. ಬ್ಯಾಟರಿಯಂಥ ಕೋಶದ ವೋಲ್ಟೇಜ್ ಲೆಕ್ಕ ಹಾಕುವ ನರ್ನ್‌ಸ್ಟ್ ಸಮೀಕರಣ ಬಾಯಿಪಾಠ ಇರುತ್ತದೆ, ಅದರೊಳಗಿನ 0.059 ಕೂಡ ನೆನಪಿರುತ್ತದೆ. ಲಾಗ್ 0.01 ಅಂದರೆ ಮೈನಸ್ 2 ಅನ್ನೋದು ಗೊತ್ತಿರಲ್ಲ. ಅಂಥವರಿಗೆ ಎಲೆಕ್ಟ್ರೋಕೆಮಿಸ್ಟ್ರಿ ಮತ್ತೆ ಹೇಳಿ ಏನು ಬಂತು? ಎರಡು ಸಂಜೆ ಬರೀ ಲಾಗ್ ಮಾಡಿಸಿದೆ.

ಒಂದು ಲೆಕ್ಕ ಮಾತ್ರ ಮರೆಯಲ್ಲ. ಫಸ್ಟ್ ಆರ್ಡರ್ ಕ್ರಿಯೆ (ಉಳಿದ ಪದಾರ್ಥ ಎಷ್ಟೋ ಅದಕ್ಕೆ ತಕ್ಕ ವೇಗದಲ್ಲಿ ನಡೆಯುವಂಥದ್ದು) 60 ನಿಮಿಷದಲ್ಲಿ ಶೇ. 75 ಮುಗಿಯುತ್ತದೆ, ಅರ್ಧಾಯುಷ್ಯ, ಅಂದರೆ ಅರ್ಧ ಮುಗಿಯೋಕೆ ಬೇಕಾದ ಸಮಯ, ಎಷ್ಟು? ರೇಷ್ಮೆ ಹುಳ ಸಾಕುವ ಮನೆಯ ಹುಡುಗಿಯೊಬ್ಬಳು 144 ನಿಮಿಷ ಅಂತ ಬರೆದು ತಂದಳು. ನಾನು ತಿದ್ದಲಿಲ್ಲ. ಕೇಳಿದೆ: "ನಿಮ್ಮ ಹುಳಕ್ಕೆ ನೂರು ಕೆಜಿ ಸೊಪ್ಪು ಹಾಕಿದ್ರಿ. ಒಂದು ಗಂಟೆಗೆ 75 ಕೆಜಿ ತಿಂದವು. ಅರ್ಧ ತಿನ್ನೋಕೆ ಎರಡು ಗಂಟೆ ಮೇಲೆ ಬೇಕಾ?"

ಸುಮ್ನೆ ನೋಡಿದಳು. ಆಮೇಲೆ ನೋಟ್‌ಬುಕ್ ಎಳೆದುಕೊಂಡಳು. ಲಾಗ್ ಒಳಗೆ 100/75 ಹಾಕಿದ್ದಳು. ಅಲ್ಲಿ ಬರಬೇಕಾದ್ದು ತಿಂದ ಸೊಪ್ಪಲ್ಲ, ಉಳಿದ ಸೊಪ್ಪು: 100/25. ಲಾಗ್ 4 ಅಂದರೆ 0.602. ಅದನ್ನು 2.303ರಿಂದ ಗುಣಿಸಿ 60ರಿಂದ ಭಾಗಿಸಿದರೆ ಕ್ರಿಯೆಯ ವೇಗ ಸ್ಥಿರಾಂಕ k, ನಿಮಿಷಕ್ಕೆ 0.0231. 0.693 ಅನ್ನು ಅದರಿಂದ ಭಾಗಿಸಿದರೆ 30 ನಿಮಿಷ. ಮೊದಲ ಅರ್ಧ ಗಂಟೆಗೆ 50 ಉಳಿಯಿತು, ಇನ್ನರ್ಧ ಗಂಟೆಗೆ 25. ಸರಿಹೋಯಿತಲ್ವಾ? ಅವತ್ತು ಅವಳ ಮುಖ ನೋಡಬೇಕಿತ್ತು!

ಮ್ಯಾಥ್ಸ್‌ನಲ್ಲೂ ಹೀಗೇ ಮಾಡಿಸಿದೆ. ಇಂಟಿಗ್ರೇಷನ್ ಉತ್ತರ ಸರಿಯಾ ಅಂತ ನನ್ನ ಕೇಳಬೇಡಿ, ಅದರ ಉಲ್ಟಾ ಲೆಕ್ಕವಾದ ಡಿಫರೆನ್ಷಿಯೇಷನ್ ಮಾಡಿ ನೋಡಿ ಅಂದೆ. x cos x ಅನ್ನು ಇಂಟಿಗ್ರೇಟ್ ಮಾಡಿ x sin x − cos x ಅಂತ ಬರೆದವನು, ತಿರುಗಿ ಡಿಫರೆನ್ಷಿಯೇಟ್ ಮಾಡಿದಾಗ 2 sin x ಜಾಸ್ತಿ ಬಂತು. ಮೈನಸ್ ಇದ್ದ ಕಡೆ ಪ್ಲಸ್ ಆಗಬೇಕು ಅಂತ ತಾನೇ ಕಂಡುಕೊಂಡ. ಕೊನೆಗೆ ಸ್ಥಿರಾಂಕ C ಸೇರಿಸೋದನ್ನು ಮಾತ್ರ ನಾನು ನೆನಪಿಸಿದೆ.

ಇಂಪಾರ್ಟೆಂಟ್ ಪ್ರಶ್ನೆ ಹೇಳಿ ಅನ್ನೋರಿಗೆ ಹಳೇ ಪ್ರಶ್ನೆಪತ್ರಿಕೆ ಕೊಡುತ್ತೇನೆ. ಕೊನೇ ವಾರ ಹೊಸ ಪಾಠ ಮುಟ್ಟಲ್ಲ.

ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ರಾತ್ರಿ ಅದೇ ಹುಡುಗಿ ಫೋನ್ ಮಾಡಿದಳು. "ಅಕ್ಕಾ, ಮೂರನೇ ಸಾಲಲ್ಲಿ ನಿಂತಿದೀನಿ" ಅಂದಳು. ಓದು, ಕೇಳ್ತೀನಿ ಅಂದೆ. ಎರಡು ಸಾಲು ಓದಿ ನಿಲ್ಲಿಸಿದಳು. "ಇರಿ ಅಕ್ಕಾ, ಸೆಕೆಂಡನ್ನು ನಿಮಿಷ ಮಾಡಿಲ್ಲ ನಾನು" ಅಂದು ಫೋನ್ ಇಟ್ಟಳು.