ಸೆರಗಿನ ತುದಿಯ ಎಳೆ ನೋಡಿ: ಇಳಕಲ್ ಸೀರೆಯನ್ನು ನೇಕಾರರಿಂದಲೇ ಕೊಳ್ಳುವುದು ಹೇಗೆ?

ಇಳಕಲ್‌ಗೇ ಹೋಗಿ ತಂದ ಸೀರೆ ಎಂದು ಹೆಮ್ಮೆಯಿಂದ ತೋರಿಸುವವರ ಚೀಲದಿಂದ ಎಷ್ಟೋ ಸಲ ಹೊರಬರುವುದು ವಿದ್ಯುತ್ ಮಗ್ಗದ ಸೀರೆ. ಬಾಗಲಕೋಟೆ ಜಿಲ್ಲೆಯ ಈ ಊರಿನಲ್ಲಿ ಕೊಂಡ ಮಾತ್ರಕ್ಕೆ ಅದು ಕೈಮಗ್ಗದ್ದಾಗಬೇಕೆಂದೇನಿಲ್ಲ. ಊರಿನಲ್ಲಿ ಎರಡೂ ಬಗೆಯ ಮಗ್ಗಗಳಿವೆ, ಎರಡೂ ಬಗೆಯ ಸೀರೆಗಳು ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿರುತ್ತವೆ. ವಿದ್ಯುತ್ ಮಗ್ಗದ ಸೀರೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಅದಕ್ಕೆ ಕೈಮಗ್ಗದ ಬೆಲೆ ಕೊಟ್ಟು, ನೇಕಾರನಿಗೆ ನೆರವಾದೆವೆಂದು ನಂಬಿಕೊಂಡು ಮನೆಗೆ ಬರುವುದೇ ಎಡವಟ್ಟು. ಕೆಳಗಿನ ಕ್ರಮದಲ್ಲಿ ಹೋದರೆ ದುಡ್ಡು ಸರಿಯಾದ ಕೈಗೆ ಸೇರುತ್ತದೆ.

1. ಯಾವ ಸೀರೆ ಬೇಕೆಂದು ಮೊದಲೇ ತೀರ್ಮಾನಿಸಿ

ಮೂರು ವಿಷಯ ಸಾಕು: ಉದ್ದ, ನೂಲು, ದಡಿ (ಅಂಚು). ಉದ್ದ ಆರು, ಎಂಟು ಅಥವಾ ಒಂಬತ್ತು ಗಜ. ನೂಲಿನಲ್ಲಿ ಪೂರ್ತಿ ಹತ್ತಿ, ಪೂರ್ತಿ ರೇಷ್ಮೆ, ಅಥವಾ ಒಡಲು ಹತ್ತಿಯದಾಗಿ ದಡಿ–ಸೆರಗು ರೇಷ್ಮೆಯದು ಇಲ್ಲವೇ ಆರ್ಟ್ ಸಿಲ್ಕಿನದು (ಕೃತಕ ರೇಷ್ಮೆಯದು). ದಡಿಯಲ್ಲಿ ಚಿಕ್ಕಿ, ಗೋಮಿ, ಗಾಡಿ, ಗಾಯತ್ರಿ ಎಂಬ ಬಗೆಗಳಿವೆ. ಮೊದಲ ಸಲ ಕೊಳ್ಳುವವರು ಹತ್ತಿಯ ಒಡಲು, ರೇಷ್ಮೆಯ ಸೆರಗಿನ ಸೀರೆಯನ್ನೇ ಆರಿಸಿಕೊಳ್ಳಿ. ನಮ್ಮ ಬಿಸಿಲಿಗೂ ಅದೇ ಸರಿ, ಹತ್ತಾರು ಸಲ ಒಗೆದ ಮೇಲೆ ಮೈಗೆ ಹೊಂದಿಕೊಳ್ಳುವುದೂ ಅದೇ.

ಬ್ಲೌಸ್ ಪೀಸ್ ಕೇಳಬೇಡಿ. ಸಾಂಪ್ರದಾಯಿಕ ಇಳಕಲ್ ಸೀರೆಗೆ ಅದು ಇರುವುದೇ ಇಲ್ಲ. ಅದರ ಜೋಡಿ ಗುಳೇದಗುಡ್ಡದ ಖಣ, ಅಂದರೆ ರವಿಕೆಯ ಬಟ್ಟೆ. ಅದನ್ನು ಖಣ ನೇಯುವವರಿಂದಲೇ ಬೇರೆಯಾಗಿ ಕೊಂಡರೆ ಇನ್ನೊಂದು ಮಗ್ಗಕ್ಕೂ ಕೆಲಸ ಸಿಕ್ಕಿತು. ಖಣದ ಅಗಲ ಕಡಿಮೆ, ಎಷ್ಟು ಬೇಕೆಂದು ದರ್ಜಿಯನ್ನು ಮೊದಲೇ ಕೇಳಿಕೊಳ್ಳಿ.

2. ಮಗ್ಗ ಹುಡುಕಿ, ನೂಲು ಯಾರದೆಂದು ಕೇಳಿ

ನೇಕಾರರ ಓಣಿಗೆ ಹೋದರೆ ಕಣ್ಣಿಗಿಂತ ಕಿವಿ ಬೇಗ ದಾರಿ ತೋರಿಸುತ್ತದೆ. ವಿದ್ಯುತ್ ಮಗ್ಗದ್ದು ಬಿಡುವಿಲ್ಲದ ಗಡಗಡ ಸದ್ದು. ಕೈಮಗ್ಗ ನಾಲ್ಕು ಸಲ ಬಡಿದು ನಿಲ್ಲುತ್ತದೆ, ಎಳೆ ಹರಿದರೆ ಸುಮ್ಮನಾಗುತ್ತದೆ, ಮತ್ತೆ ಶುರುವಾಗುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು: ಮಗ್ಗದ ಮೇಲಿರುವ ಸೀರೆ ಚೆಂದ ಕಂಡಿತೆಂದು "ಇದನ್ನೇ ಕೊಡಿ, ಅಂಗಡಿಗಿಂತ ಐನೂರು ಹೆಚ್ಚು ಕೊಡ್ತೇವೆ" ಎನ್ನುವುದು. ಆ ಸೀರೆ ನೇಯುವವನದ್ದೇ ಆಗಿರಬೇಕೆಂದಿಲ್ಲ. ಎಷ್ಟೋ ನೇಕಾರರು ಮಜೂರಿಗೆ ನೇಯುತ್ತಾರೆ. ನೂಲು ಸಾವಕಾರನದು, ಸೀರೆಯೂ ಅವನದು, ನೇಕಾರನಿಗೆ ಸೀರೆಗಿಷ್ಟು ಎಂಬ ಕೂಲಿ. ಮಗ್ಗದಿಂದ ಇಳಿಸಿದ ಸೀರೆಯನ್ನು ಬೇರೆಯವರಿಗೆ ಮಾರಿದರೆ ಮುಂದಿನ ಹಾಸೇ (ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು) ಸಿಗದಿರಬಹುದು. ಹಾಗಾಗಿ ಬಣ್ಣದ ಮಾತೆತ್ತುವ ಮೊದಲು ಒಂದೇ ಪ್ರಶ್ನೆ: "ಈ ನೂಲ ನಿಮ್ದೇನ್ರೀ, ಸಾವಕಾರ್ದೇನ್ರೀ?" ನೂಲು ಅವರದೇ ಆಗಿದ್ದರೆ ಮಾತು ಮುಂದುವರಿಸಿ. ಇಲ್ಲದಿದ್ದರೆ ಮೂರು ದಾರಿ: ಸ್ವಂತ ನೂಲಿನ ನೇಕಾರರು ಯಾರೆಂದು ಅವರನ್ನೇ ಕೇಳುವುದು, ನೇಕಾರರ ಸಹಕಾರ ಸಂಘಕ್ಕೆ ಹೋಗುವುದು, ಅಥವಾ ಮುಂಗಡ ಕೊಟ್ಟು ನಿಮ್ಮದೇ ಹಾಸು ಹಾಕಿಸುವುದು. ಮೂರನೆಯದು ಎಲ್ಲಕ್ಕಿಂತ ಒಳ್ಳೆಯದು.

ಅಂದ ಹಾಗೆ, ಸಾವಕಾರನನ್ನು ಖಳನಾಯಕನನ್ನಾಗಿ ಮಾಡುವುದೂ ಸರಿಯಲ್ಲ. ನೂಲಿಗೆ ದುಡ್ಡು ಹೂಡುವವನೂ ಅವನೇ, ಮಾರಾಟವಾಗದೆ ಉಳಿದ ಸೀರೆಯ ನಷ್ಟ ಹೊರುವವನೂ ಅವನೇ. ನೇಕಾರರ ಹೆಸರು, ಕೂಲಿ ಎರಡನ್ನೂ ಮುಚ್ಚಿಡದೆ ಹೇಳುವ ಸಾವಕಾರ ಸಿಕ್ಕರೆ ಅವನಲ್ಲಿಯೂ ಕೊಳ್ಳಬಹುದು.

ಊರಿಗೆ ಹೋಗಲಾಗದವರಿಗೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. "ನೇರ ನೇಕಾರರಿಂದ" ಎಂಬ ಬೋರ್ಡು ಹಾಕಿದ ಖಾಸಗಿ ಪ್ರದರ್ಶನ–ಮಾರಾಟಗಳಲ್ಲಿ ಒಂದು ಪರೀಕ್ಷೆ ಮಾಡಿ: ಮಳಿಗೆಯಲ್ಲಿರುವವರಿಗೆ ಹಾಸು ಯಾವುದು, ಹೊಕ್ಕು (ಅಡ್ಡಲಾಗಿ ಹೊಡೆಯುವ ಎಳೆ) ಯಾವುದು ಎಂದು ಸೀರೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ಅವರು ತಡವರಿಸಿದರೆ ಮುಂದಿನ ಮಳಿಗೆಗೆ ಹೋಗಿ.

3. ಕೊಂಡಿ ಪರೀಕ್ಷೆ — ಅವಸರ ಮಾಡಬೇಡಿ

ಇಳಕಲ್ ಸೀರೆಯ ಜೀವ ಇರುವುದು ಇಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಿ, ಹೀಗೆ ಸೀರೆಯ ಅಗಲಕ್ಕೂ ಎಳೆ ಎಳೆಯಾಗಿ ಜೋಡಿಸುತ್ತಾರೆ. ಇದಕ್ಕೇ ಕೊಂಡಿ ಎನ್ನುವುದು. ಬೇರೆ ಕಡೆ ಒಂದು ಉದ್ದನೆಯ ಹಾಸು ಹೂಡಿ ಹಲವು ಸೀರೆ ಇಳಿಸಬಹುದು. ಇಳಕಲ್‌ನಲ್ಲಿ ಸಾಂಪ್ರದಾಯಿಕ ಕ್ರಮದಲ್ಲಿ ಪ್ರತಿ ಸೀರೆಗೂ ಒಂದು ಹಾಸು, ಪ್ರತಿ ಸೀರೆಗೂ ಕೊಂಡಿ. ಬೆಲೆ ಏರುವುದು ಇದರಿಂದ. ಖೋಟಾ ಸೀರೆ ಸಿಕ್ಕಿಬೀಳುವುದೂ ಇಲ್ಲೇ.

ಮೊದಲು ಸೀರೆಯ ಎರಡೂ ತುದಿ ಬಿಚ್ಚಿಸಿ. ಅಂಗಡಿಯವರು ಸೆರಗು ಮಾತ್ರ ಹರಡುತ್ತಾರೆ, ಒಳತುದಿಯನ್ನೂ ಕೇಳಿ. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಎಳೆಗಳಿರುತ್ತವೆ, ಅವು ಹಾಸಿನ ಎಳೆಗಳು. ಕೊಂಡಿ ಹಾಕಿದ ಸೀರೆಯಲ್ಲಿ ಅವು ಸೆರಗಿನ ಬಣ್ಣದವೇ ಆಗಿರಬೇಕು. ಸೆರಗು ಕೆಂಪಾದರೆ ಎಳೆಯೂ ಕೆಂಪು. ಒಳತುದಿಯ ಎಳೆಗಳು ಒಡಲಿನ ಬಣ್ಣದವು. ಹಸಿರು ಸೀರೆಯ ಎರಡೂ ತುದಿಯಲ್ಲಿ ಹಸಿರು ಎಳೆಯೇ ಕಂಡರೆ ಒಂದೇ ಹಾಸು ಈ ತುದಿಯಿಂದ ಆ ತುದಿಗೆ ಓಡಿದೆ, ಕೊಂಡಿ ಇಲ್ಲ ಎಂದರ್ಥ. ಹತ್ತು ಸೆಕೆಂಡಿನ ಕೆಲಸ. ಇದೊಂದರಿಂದಲೇ ಬಹಳಷ್ಟು ಸೀರೆಗಳು ಪಕ್ಕಕ್ಕೆ ಸರಿಯುತ್ತವೆ.

ಸೆರಗಿಗೆ ಕುಚ್ಚು ಕಟ್ಟಿಬಿಟ್ಟಿದ್ದರೆ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ. ಕುಚ್ಚಿನ ದಾರ ಹೊರಗಿನಿಂದ ಸೇರಿಸಿದ್ದೂ ಆಗಿರಬಹುದು. ಕುಚ್ಚು ಕಟ್ಟದ ಸೀರೆಯನ್ನೇ ಕೊಂಡು ಆಮೇಲೆ ಕಟ್ಟಿಸಿಕೊಳ್ಳಿ.

ಎರಡನೆಯದು, ಸೆರಗನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದು ಅಲುಗಿಸಿ. ಹಾಸು–ಹೊಕ್ಕು ಎರಡೂ ಕೆಂಪಾದರೆ ಕೆಂಪು ಗಟ್ಟಿಯಾಗಿ ಕಾಣುತ್ತದೆ. ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹೊಡೆದಿದ್ದರೆ ಕೆಂಪಿನೊಳಗೆ ಹಸಿರು ಮಿನುಗಿ ಬಣ್ಣ ಮಂಕಾಗುತ್ತದೆ. ಜೊತೆಗೆ ಸೆರಗಿನ ಬಣ್ಣವನ್ನು ದಡಿಯ ಬಣ್ಣದ ಪಕ್ಕ ಇಟ್ಟು ನೋಡಿ. ಸಾಂಪ್ರದಾಯಿಕ ಸೀರೆಯಲ್ಲಿ ದಡಿ–ಸೆರಗು ಎರಡೂ ಒಂದೇ ಬಣ್ಣ.

ಮೂರನೆಯದು ಸೆರಗು ಒಡಲಿಗೆ ಸೇರುವ ಜಾಗ. ಸೀರೆ ಮಗುಚಿ, ಆ ಗೆರೆಯ ಮೇಲೆ ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ಹಿಡಿಯಿರಿ. ಕುಣಿಕೆಯಲ್ಲಿ ಕುಣಿಕೆ ಸಿಕ್ಕಿಕೊಂಡು ಸಣ್ಣ ಸಾಲೊಂದು ಅಡ್ಡಲಾಗಿ ಹೋಗಿರುತ್ತದೆ, ಬೆರಳಾಡಿಸಿದರೆ ತುಸುವೇ ಉಬ್ಬು ತಾಗುತ್ತದೆ. ಹೊಲಿಗೆಯ ದಾರ ಕಂಡರೆ ಅದು ಕೊಂಡಿಯಲ್ಲ, ಬೇರೆ ಸೆರಗು ತಂದು ಹೊಲಿದದ್ದು. ಉಬ್ಬೂ ಇಲ್ಲ, ಹೊಲಿಗೆಯೂ ಇಲ್ಲ, ಬಣ್ಣ ಮಾತ್ರ ಗೆರೆ ಕೊರೆದಂತೆ ಬದಲಾಗಿದೆ ಎಂದರೆ ಬಟ್ಟೆಯ ಹಿಂಬದಿ ನೋಡಿ. ಅಲ್ಲಿ ಬಣ್ಣ ತೆಳುವಾಗಿದ್ದರೆ ಅದು ಪ್ರಿಂಟು.

ನಾಲ್ಕನೆಯದು ಸೆರಗಿನ ವಿನ್ಯಾಸ. ಇಳಕಲ್‌ನ ಸಾಂಪ್ರದಾಯಿಕ ಟೋಪ್ ತೆನಿ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುನಡುವೆ ಎರಡು ಬಿಳಿ ಪಟ್ಟಿ. ಸೆರಗಿನ ಉದ್ದ ಸುಮಾರು 16ರಿಂದ 27 ಇಂಚು. ಟೇಪು ಹಿಡಿದು ಅಳೆಯಿರಿ, ಸಂಕೋಚ ಬೇಡ.

ಅಂಚಿನ ಸೂಜಿತೂತುಗಳನ್ನು ತೋರಿಸಿ "ನೋಡಿ, ಕೈಮಗ್ಗ" ಎನ್ನುವವರ ಮಾತು ಕೇಳಬೇಡಿ. ನೇಯುವಾಗ ಬಟ್ಟೆ ಮುದುಡದಂತೆ ಅಗಲಕ್ಕೆ ಎಳೆದು ಹಿಡಿಯುವ ಸಾಧನದ ಗುರುತು ಅದು. ವಿದ್ಯುತ್ ಮಗ್ಗದಲ್ಲೂ ಅಂಥದ್ದಿರುತ್ತದೆ. ಕೈಮಗ್ಗ ಎಂಬುದಕ್ಕೆ ಕೇಂದ್ರ ಸರ್ಕಾರದ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, 2006ರಲ್ಲಿ ಬಂದದ್ದು. ಅದು ಸೀರೆಗೇ ಅಂಟಿಸಿದ ಚೀಟಿಯಾಗಿರಬೇಕು. ಅಂಗಡಿಯ ಗೋಡೆಯ ಮೇಲಿನ ಚಿತ್ರ ಲೆಕ್ಕಕ್ಕಿಲ್ಲ.

4. ನೂಲಿನ ಪರೀಕ್ಷೆ

ಕೊಂಡಿ ಇದ್ದ ಮಾತ್ರಕ್ಕೆ ನೂಲು ರೇಷ್ಮೆ ಎಂದಲ್ಲ. ಮಾರುವವರ ಒಪ್ಪಿಗೆ ಪಡೆದು ಒಡಲಿನ ತುದಿಯಿಂದ ಒಂದು, ದಡಿಯಿಂದ ಒಂದು, ಸೆರಗಿನಿಂದ ಒಂದು ಎಳೆ ತೆಗೆದು ಬೇರೆಬೇರೆಯಾಗಿ ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ದೂರ ಮಾಡಿದರೆ ಆರುತ್ತದೆ. ಉಳಿದ ಕರಿ ಗುಂಡನ್ನು ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಹಿಸುಕಲಾಗದ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿ ಬಿಡುತ್ತದೆ. ಜನ ಮೋಸಹೋಗುವುದು ಮುಂದಿನದರಲ್ಲಿ: ವಿಸ್ಕೋಸ್‌ನ ಆರ್ಟ್ ಸಿಲ್ಕ್ ಕೂಡ ಹತ್ತಿಯಂತೆಯೇ ಉರಿಯುತ್ತದೆ. "ಕರಗಲಿಲ್ಲ, ಹಾಗಾದರೆ ರೇಷ್ಮೆ" ಎಂದು ಹಿಗ್ಗಬೇಡಿ. ಹೊಳೆಯುವ ದಡಿಯ ಎಳೆ ಕಾಗದದ ವಾಸನೆ ಬಿಟ್ಟರೆ ಅದು ಆರ್ಟ್ ಸಿಲ್ಕ್. ಆರ್ಟ್ ಸಿಲ್ಕ್ ಕೆಟ್ಟದ್ದಲ್ಲ, ಅದನ್ನು ರೇಷ್ಮೆಯ ಬೆಲೆಗೆ ಮಾರುವುದು ಕೆಟ್ಟದ್ದು. ಪೂರ್ತಿ ರೇಷ್ಮೆ ಎಂದವರಲ್ಲಿ ಸಿಲ್ಕ್ ಮಾರ್ಕ್ ಚೀಟಿ ಕೇಳಿ.

ಕಸೂತಿ ಇರುವ ಸೀರೆಯಾದರೆ ಹಿಂಬದಿ ನೋಡಿ. ಗವಂತಿ, ಮುರ್ಗಿ ಹೊಲಿಗೆ ಕೈಯದಾದರೆ ಎರಡೂ ಬದಿ ಒಂದೇ ಥರ, ಗಂಟು ಕಾಣುವುದಿಲ್ಲ. ಹಿಂದೆ ಕಾಗದದಂಥ ಅಸ್ತರು ಅಂಟಿದ್ದರೆ ಅದು ಯಂತ್ರದ ಕೆಲಸ.

5. ಬೆಲೆ, ಮುಂಗಡ, ಬಿಲ್ಲು

ಚೌಕಾಸಿ ಮಾಡಬೇಡಿ. ಲೆಕ್ಕ ಬೇಕಾದರೆ ಹೀಗೆ ಹಾಕಿ: ಸೀರೆಗೆ ₹3,500 ಹೇಳಿದರು, ಅದರಲ್ಲಿ ನೂಲು–ಬಣ್ಣಕ್ಕೆ ₹1,400 ಎಂದಿಟ್ಟುಕೊಳ್ಳಿ. ಉಳಿದದ್ದು ₹2,100. ಒಂದು ಸೀರೆ ನೇಯಲು ಸುಮಾರು ಒಂದು ವಾರ, ಅಂದರೆ ದಿನಕ್ಕೆ ₹300. ಅದೂ ಒಬ್ಬರ ಕೂಲಿಯಲ್ಲ: ಕಂಡಿಕೆಗೆ (ಹೊಕ್ಕಿನ ನೂಲಿನ ಸಣ್ಣ ಕೊಳವೆ) ನೂಲು ಸುತ್ತಿದವರು, ಹಾಸು ಹಾಕಿದವರು, ಕೊಂಡಿ ಜೋಡಿಸಿದವರು, ನೇಯ್ದವರು ಎಲ್ಲರೂ ಹಂಚಿಕೊಳ್ಳಬೇಕು, ಇವರಲ್ಲಿ ಮನೆಯ ಹೆಂಗಸರೇ ಹೆಚ್ಚು. ಇದರಲ್ಲಿ ಇನ್ನೂರು ರೂಪಾಯಿ ಕಡಿಮೆ ಮಾಡಿ ಎನ್ನುವ ಮುಂಚೆ ಯಾರ ಪಾಲಿನಿಂದ ಎಂದು ಯೋಚಿಸಿ. ಇದೇ ಲೆಕ್ಕ ತಿರುಗಿಸಿದರೆ, ₹900ಕ್ಕೆ "ಕೈಮಗ್ಗದ ರೇಷ್ಮೆ ಸೆರಗಿನ ಇಳಕಲ್" ಎಂಬ ಜಾಹೀರಾತು ಏಕೆ ಸುಳ್ಳೆಂಬುದೂ ತಿಳಿಯುತ್ತದೆ.

ಪ್ರತಿ ಸೀರೆಗೂ ಬೇರೆ ಹಾಸು ಎನ್ನುವುದು ನಿಮಗೆ ಲಾಭವೂ ಹೌದು: ಒಂದೇ ಒಂದು ಸೀರೆಯನ್ನು ನಿಮ್ಮ ಬಣ್ಣದಲ್ಲಿ ಹಾಕಿಸಬಹುದು. ಆದರೆ ಬಣ್ಣವನ್ನು ವಾಟ್ಸ್‌ಆ್ಯಪ್ ಚಿತ್ರದಲ್ಲಿ ಕಳಿಸಬೇಡಿ. ನಿಮ್ಮ ಫೋನಿನ ದಾಳಿಂಬೆ ಕೆಂಪು ಅವರ ಫೋನಿನಲ್ಲಿ ಇಟ್ಟಿಗೆ ಕೆಂಪಾಗುತ್ತದೆ, ಸೀರೆ ಬಂದ ಮೇಲೆ ಜಗಳ. ಬಟ್ಟೆಯ ಚೂರೊಂದನ್ನು ಅಂಚೆಯಲ್ಲಿ ಕಳಿಸಿ, ಇಲ್ಲವೇ ಅವರಲ್ಲಿರುವ ನೂಲಿನ ಲಡಿಯಿಂದಲೇ ಆರಿಸಿ.

ಅರ್ಧ ದುಡ್ಡು ಮುಂಗಡ ಕೊಡಿ, ನೂಲು ತರಲು ಅದು ಬೇಕು. ಉದ್ದ, ನೂಲು, ದಡಿಯ ಹೆಸರು, ಒಡಲು–ಸೆರಗಿನ ಬಣ್ಣ, ಕೊಡುವ ದಿನ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ನೇಯ್ಗೆ ಒಂದು ವಾರದ್ದಾದರೂ ಒಂದು ತಿಂಗಳು ಬಿಡುವು ಕೊಡಿ. ಮಳೆಗಾಲದಲ್ಲಿ ಗಂಜಿ ಹಾಕಿದ ನೂಲು ಬೇಗ ಒಣಗುವುದಿಲ್ಲ. ಹಾಸು ಹೂಡಿದ ಮೇಲೆ ಬಣ್ಣ ಬದಲಿಸುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ.

ಜಿಎಸ್‌ಟಿ ಬಿಲ್ಲು ಕೊಡಲಿಲ್ಲವೆಂದು ಅನುಮಾನ ಪಡಬೇಡಿ. ವರ್ಷಕ್ಕೆ ₹40 ಲಕ್ಷದೊಳಗಿನ ವಹಿವಾಟಿನವರು ಊರಲ್ಲಿ ಸರಕು ಮಾರಲು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಯಾವ ಭಾಗಕ್ಕೆ ಯಾವ ನೂಲು ಎಂದು ಬರೆದ ಕೈಬಿಲ್ಲು ಸಾಕು.

ದೂರದಿಂದ ತರಿಸುವವರು ಪೂರ್ತಿ ಹಣ ಕಳಿಸುವ ಮುಂಚೆ ಮೂರು ಚಿತ್ರ ಕೇಳಿ: ಸೆರಗಿನ ತುದಿಯ ಎಳೆ, ಒಳತುದಿಯ ಎಳೆ, ಕೊಂಡಿ ಜಾಗದ ಹಿಂಬದಿ. ರೂಪದರ್ಶಿ ಉಟ್ಟು ನಿಂತ ಚಿತ್ರದಿಂದ ಇದೇನೂ ಗೊತ್ತಾಗುವುದಿಲ್ಲ.

6. ಮನೆಗೆ ಬಂದ ಮೇಲೆ

ಮೊದಲ ಎರಡು–ಮೂರು ಸಲ ತಣ್ಣೀರಲ್ಲಿ ಒಂದೇ ಸೀರೆಯಾಗಿ ಒಗೆಯಿರಿ, ನೆನೆಹಾಕಬೇಡಿ. ಕೆಂಪು ಸೆರಗು ಬಿಳಿ ಪಟ್ಟಿಗೆ ಬಣ್ಣ ಬಿಡಬಹುದು. ಅಂಟುವಾಳದ ನೀರು ಅಥವಾ ಶಾಂಪೂ ಸಾಕು. ನೆರಳಲ್ಲಿ ಒಣಗಿಸಿ. ಸೀರೆಯ ಚಿತ್ರ ನಾಲ್ಕು ಜನಕ್ಕೆ ಕಳಿಸುವಾಗ ನೇಕಾರರ ಫೋನ್ ನಂಬರನ್ನೂ ಕಳಿಸಿ, ಅವರನ್ನು ಕೇಳಿಕೊಂಡೇ. ಉಡುವಾಗ ಸೇಫ್ಟಿ ಪಿನ್ನನ್ನು ಕೊಂಡಿಯ ಸಾಲಿನ ಮೇಲೆ ಚುಚ್ಚಲೇಬೇಡಿ. ಅಲ್ಲಿ ಒಂದು ಕುಣಿಕೆ ಹರಿದರೆ ಪಕ್ಕದ್ದೂ ಸಡಿಲಾಗುತ್ತದೆ. ಒಂದು ಗೇಣು ಆಚೆ, ಒಡಲಿನ ಮೇಲೆ ಚುಚ್ಚಿ.