ಕ್ರಯಪತ್ರದೊಳಗಿನ ಜಾತಿ ಷರತ್ತು: ಸೈಟು ಕೊಳ್ಳುವ ಮುಂಚೆ ಪತ್ತೆ ಹಚ್ಚುವುದು ಹೇಗೆ?

ರಾಯಚೂರು, ಕೊಪ್ಪಳದ ಕಡೆ ಸೈಟು ಕೊಳ್ಳುವವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ‘ಕ್ಲಿಯರ್ ಇದೆ’ ಎಂದು ಮುಂಗಡ ಕೊಟ್ಟುಬಿಡುತ್ತಾರೆ. ಎಡವುವುದು ಇಲ್ಲೇ. ಯಾರು ಯಾರಿಗೆ ಮಾರಿದರು, ಎಲ್ಲಿ ಅಡವಿಟ್ಟರು ಎಂಬುದಷ್ಟೇ ಇಸಿಯಲ್ಲಿ ಇರುತ್ತದೆ. ಇಂಥ ಜಾತಿಯವರಿಗೆ ಮಾತ್ರ ಮಾರಬೇಕು ಎಂಬಂಥ ಪತ್ರದೊಳಗಿನ ಷರತ್ತು ಅದರಲ್ಲಿ ಬರುವುದಿಲ್ಲ.

ಇಸಿಯಲ್ಲಿರುವ ಪ್ರತಿ ದಸ್ತಾವೇಜಿನ ನಂಬರ್ ಹಿಡಿದು ದೃಢೀಕೃತ ನಕಲು ಪಡೆಯಿರಿ. ಏಜೆಂಟರ ಜೆರಾಕ್ಸ್ ನಂಬಬೇಡಿ, ನಡುವಿನ ಪುಟ ಬಿಟ್ಟಿದ್ದರೆ ಗೊತ್ತೇ ಆಗುವುದಿಲ್ಲ. 1956ಕ್ಕೆ ಮುಂಚೆ ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದವು, 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಹಾಗಾಗಿ ಹಳೇ ಕಾಗದ ಉರ್ದುವಿನಲ್ಲೋ ತೆಲುಗಿನಲ್ಲೋ ಇದ್ದರೆ ಬಲ್ಲವರಿಂದ ಪೂರ್ತಿ ಓದಿಸಿ.

ಇನ್ನು ಷರತ್ತು ಓದುವ ಕೆಲಸ. ಅವಸರ ಬೇಡ. ಹಣ ಸಂದಾಯದ ಸಾಲು ಮುಗಿದ ಮೇಲೆ, ಸ್ವತ್ತಿನ ವಿವರವಿರುವ ಷೆಡ್ಯೂಲ್‌ಗೆ ಮುಂಚೆ ಹುಡುಕಿ. ‘ನಮ್ಮ ಸಮಾಜದವರ ಹೊರತು ಅನ್ಯರಿಗೆ ಪರಭಾರೆ ಮಾಡತಕ್ಕದ್ದಲ್ಲ’ ಎಂಬಂಥ ಮಾತು ಕಂಡರೆ, ಅದನ್ನು ಹಾಕಿದವರು ಯಾರು ಎಂಬುದೇ ಮೊದಲ ಪ್ರಶ್ನೆ.

ಮಾರಿದ ವ್ಯಕ್ತಿ ಹಾಕಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 10 ಮತ್ತು 11ನೇ ಕಲಂ ನೋಡಿ. ಯಾರಿಗೂ ಮಾರಕೂಡದು ಎಂಬ ಷರತ್ತು ಶೂನ್ಯ, ಆದರೆ ಮಾರಾಟ ಊರ್ಜಿತ. ಇಂಥವರಿಗೆ ಮಾತ್ರ ಎಂದಿದ್ದರೆ ಅದು ಭಾಗಶಃ ನಿರ್ಬಂಧ. ಅದು ತಾನಾಗಿ ಬಿದ್ದುಹೋಗುವುದಿಲ್ಲ, ಕೋರ್ಟು ತೂಗಿ ನೋಡುತ್ತದೆ.

ಷರತ್ತು ಗೃಹ ನಿರ್ಮಾಣ ಸಹಕಾರ ಸಂಘದ ಬೈಲಾದ್ದು (ಸಂಘದ ಒಳನಿಯಮ) ಆಗಿದ್ದರೆ ಕಷ್ಟ ಹೆಚ್ಚು. ಅಹಮದಾಬಾದಿನ ಪಾರ್ಸಿ ಸಂಘದ ಪ್ರಕರಣದಲ್ಲಿ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಿದ ಬೈಲಾವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದಿದೆ. ಹಣ ಕಟ್ಟುವ ಮುಂಚೆ ಬೈಲಾ ಪ್ರತಿ ಕೇಳಿ ಪಡೆಯಿರಿ.

ಮೂರನೆಯದು ಸರ್ಕಾರವೇ ಹಾಕಿದ ಷರತ್ತು. ಅದನ್ನು ತಾರತಮ್ಯ ಎಂದು ತಳ್ಳಿಹಾಕಿದವರು ದುಡ್ಡನ್ನೇ ಕಳೆದುಕೊಳ್ಳುತ್ತಾರೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಮಾಡಬಾರದು ಎಂಬ ಷರತ್ತು ಅವರ ರಕ್ಷಣೆಗೆ ಇರುವುದು. 1978ರ ಪಿಟಿಸಿಎಲ್ ಕಾಯ್ದೆಯಂತೆ (ಪರಿಶಿಷ್ಟ ಜಾತಿ, ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ) ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಕ್ರಯವೇ ಶೂನ್ಯ, ಉಪವಿಭಾಗಾಧಿಕಾರಿ ಜಮೀನನ್ನು ಮರಳಿ ಕೊಡಿಸಬಹುದು. 2023ರ ತಿದ್ದುಪಡಿಯ ನಂತರ ಜಮೀನು ಮರಳಿ ಕೇಳುವ ಅರ್ಜಿಗೆ ಕಾಲಮಿತಿಯ ತಡೆಯೂ ಇಲ್ಲ. ಲೇಔಟಿನ ಮೂಲ ಸರ್ವೆ ನಂಬರಿನ ಹಳೇ ಪಹಣಿ, ಮಂಜೂರಾತಿ ಆದೇಶ, ಸಾಗುವಳಿ ಚೀಟಿ ತಹಶೀಲ್ದಾರ್ ಕಚೇರಿಯಲ್ಲಿ ನೋಡಲೇಬೇಕು.

ಜಾತಿ ಷರತ್ತು ಸಿಕ್ಕಿತೆಂದು ನೋಂದಾಯಿತ ಪತ್ರದ ಮೇಲೆ ಪೆನ್ನಿನಿಂದ ಗೀಟು ಎಳೆಯಬೇಡಿ. ಎರಡೂ ಕಡೆಯವರು ಒಪ್ಪಿದರೆ ತಿದ್ದುಪಡಿ ಪತ್ರ ನೋಂದಾಯಿಸಬಹುದು, ಇಲ್ಲದಿದ್ದರೆ ಷರತ್ತು ಊರ್ಜಿತವಲ್ಲ ಎಂದು ಘೋಷಿಸಲು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ಹೊಸ ಪತ್ರ ಬರೆಸುವಾಗ ಬರಹಗಾರರು ಹಳೇ ನಮೂನೆಯನ್ನೇ ನಕಲು ಮಾಡುವುದುಂಟು; ಕರಡನ್ನು ನೀವೇ ಸಾಲು ಸಾಲು ಓದಿ, ಆ ಸಾಲು ತೆಗೆಸಿಯೇ ಸಹಿ ಹಾಕಿ.

ಅಸ್ಪೃಶ್ಯತೆಯ ಕಾರಣಕ್ಕೆ ಮನೆ ಕೊಳ್ಳಲು, ಬಾಡಿಗೆಗೆ ಇರಲು ಬಿಡದಿದ್ದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಡಿ ಅಪರಾಧ, ಒಂದರಿಂದ ಆರು ತಿಂಗಳು ಜೈಲು. ಧರ್ಮದ ಕಾರಣಕ್ಕೆ ಖಾಸಗಿ ಮಾಲೀಕ ಬಾಡಿಗೆ ನಿರಾಕರಿಸಿದರೆ ಹಿಡಿಯುವ ಇಂಥ ನೇರ ಕಾನೂನು ಇಲ್ಲದಿರುವುದು ದೊಡ್ಡ ಕೊರತೆ. ಠಾಣೆಗೆ ಹೋಗುವ ಮುಂಚೆ ವಾಟ್ಸಾಪ್ ಸಂದೇಶ ಉಳಿಸಿಕೊಂಡು, ದಿನ, ವೇಳೆ, ಆಡಿದ ಮಾತನ್ನು ಅವರು ಆಡಿದಂತೆಯೇ ಅವತ್ತೇ ಬರೆದಿಡಿ.